ದುಡ್ಡು ಬಂತು, ಸುದ್ದಿ ಬರಲಿಲ್ಲ

ಹುಣಸೂರು
14-6-2006

ಪ್ರೀತಿಯ ಅವ್ವಾ,

ನಿನ್ನ ಮಂಡಿನೋವು ಹೇಗಿದೆ? ಬಾಣಂತಿಗೆ ನೀರು ಹಾಕುತ್ತೇನೆಂದು ಬಗ್ಗಿ ಎದ್ದು ಮಾಡಬೇಡ, ಪ್ರಭುಸ್ವಾಮಿ ಭಾವನಿಗೆ ಹಂಡೆ ಎತ್ತಿಕೊಡಲು ಹೇಳು. ಅಕ್ಕ ಊಟ ಸರಿಯಾಗಿ ಮಾಡುತ್ತಿದ್ದಾಳಾ? ಡಾಕ್ಟರು ಪ್ರಯಾಣ ಬೇಡವೆನ್ನದಿದ್ದರೆ ನೀವೆಲ್ಲ ಕೆ.ಆರ್. ನಗರದ ಭಾವನ ಮನೆಯ ಬದಲು ಇಲ್ಲೇ ಇರುತ್ತಿದ್ದಿರಿ. ಮನೆ ಬಿಕೋ ಎನ್ನುತ್ತಿದೆ. ಅಪ್ಪಾಜಿ ನಾನು ಮಾಡಿದ ಸಾರನ್ನು ಮಾತಿಲ್ಲದೆ ಉಣ್ಣುತ್ತಾರೆ, ಅದೇ ಭಯ.

ನಮ್ಮ ಮರಗೆಲಸದ ಅಂಗಡಿಗೆ ನಾನು ವೆಬ್‌ಸೈಟ್ ಮಾಡಿದ್ದು ನಿನಗೆ ಗೊತ್ತು. ಅದರಲ್ಲೇ ಕಾರ್ಡಿನಿಂದ ದುಡ್ಡು ಕಟ್ಟುವ ವ್ಯವಸ್ಥೆ ಜೋಡಿಸಲು ಎರಡು ದಾರಿಯಿತ್ತು. ಮೈಸೂರಿನ ಬ್ಯಾಂಕಿನವರು ಠೇವಣಿ, ಕಾಗದಪತ್ರ ಎಂದು ತಿಂಗಳುಗಟ್ಟಲೆ ಅಲೆಸುತ್ತಿದ್ದರು. ಇನ್ನೊಂದು ಕಂಪನಿ ವಾರದಲ್ಲೇ ಶುರು ಮಾಡಿಕೊಡುತ್ತೇನೆಂದಿತು. ನಾನು ಆತುರಪಟ್ಟು ಅದನ್ನೇ ಹಿಡಿದೆ. ನನ್ನ ಕಂಪ್ಯೂಟರಿನಲ್ಲಿ ಎಷ್ಟು ಸಲ ಪರೀಕ್ಷಿಸಿದರೂ ಸರಿಯಾಗಿಯೇ ನಡೆಯಿತು. ಆದರೆ ಆ ಕಂಪನಿ ದುಡ್ಡು ಬಂದ ಸುದ್ದಿಯನ್ನು ಕಟ್ಟಿದವರ ಕಂಪ್ಯೂಟರಿನ ಮೂಲಕವೇ ನಮಗೆ ತಲುಪಿಸುತ್ತದೆ. ನಡುವೆ ಅವರ ಲೈನ್ ಕಟ್ಟಾದರೆ ದುಡ್ಡು ಹೋಗಿರುತ್ತದೆ, ಸುದ್ದಿ ಮಾತ್ರ ದಾರಿಯಲ್ಲೇ ಉಳಿಯುತ್ತದೆ. ಇದು ನನಗೆ ಹೊಳೆಯಲೇ ಇಲ್ಲ.

ಗುರುವಾರ ಬೆಳಿಗ್ಗೆ ಬೆಂಗಳೂರಿನಿಂದ ಬಸವರಾಜು ಎನ್ನುವವರ ಫೋನು. ಮೂಲತಃ ನಮ್ಮ ಸರಗೂರಿನ ಕಡೆಯವರಂತೆ. "ಎಲ್ಡು ಸಲ ದುಡ್ಡು ಕಟ್ಟಿವ್ನಿ ಕಣವ್ವ, ಒಂದು ತೊಟ್ಲೂ ಬಂದಿಲ್ಲ. ನಾಳೆ ನನ್ ಮೊಮ್ಮಗಳ ನಾಮಕರಣ, ನೆಂಟ್ರೆಲ್ಲ ಬಂದವ್ರೆ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವರು ಬೇಡಿಕೊಳ್ಳುತ್ತಿದ್ದರು. ನಮ್ಮ ಆರ್ಡರುಗಳಲ್ಲಿ ಅವರ ಹೆಸರೇ ಇರಲಿಲ್ಲ. ಕಂಪನಿಯವರು ಮಧ್ಯಾಹ್ನದವರೆಗೆ ಫೋನ್ ಎತ್ತಲಿಲ್ಲ. ಎತ್ತಿದ ಮೇಲೆ, ಹೌದು, ಎರಡು ಸಲವೂ ಬಂದಿದೆ ಎಂದರು. ಹೀಗೆ ಇನ್ನೆಷ್ಟು ಜನ ಕಾಯುತ್ತಿದ್ದಾರೋ ಎಂದು ಅಳುತ್ತ ಕೂತೆ. ಅಪ್ಪಾಜಿ ಉಳಿ ಕೆಳಗಿಟ್ಟು, "ಎಚ್ಚಿಗೆ ಬಂದುದ್ದ ವಾಪಸ್ ಕೊಡಾನ ಬುಡು. ಮೊದ್ಲು ಆ ಮಗೀಗೆ ತೊಟ್ಲು ಕಳ್ಸಾನ" ಎಂದು ಎದ್ದರು. ಅವರೂ ಅಂಗಡಿಯ ಕೆಲಸದ ಚನ್ನಬಸವಣ್ಣನೂ ಗೋಣಿ ಸುತ್ತಿ, ಸಂಜೆಯ ಬಸ್ಸಿನ ಮೇಲೇರಿಸಿ ಕಟ್ಟಿದರು. ಮರುದಿನ ಬಸವರಾಜು ಅವರು ಫೋನ್ ಮಾಡಿ, ತೊಟ್ಟಿಲ ಶಾಸ್ತ್ರ ಚೆನ್ನಾಗಿ ನಡೆಯಿತು ಎಂದರು.

ಈಗ ಪ್ರತಿ ಆರ್ಡರಿಗೂ ದುಡ್ಡು ಬಂತೇ ಎಂದು ಕಂಪನಿಯನ್ನೇ ನೇರವಾಗಿ ಕೇಳುವಂತೆ ಪ್ರೋಗ್ರಾಮ್ ತಿದ್ದಿದ್ದೇನೆ. ಹಳೆಯದೆಲ್ಲ ಹುಡುಕಿದೆ, ಬೇರೆ ಯಾರ ಆರ್ಡರೂ ತಪ್ಪಿಹೋಗಿಲ್ಲ. ಬ್ಯಾಂಕಿಗೂ ಅರ್ಜಿ ಹಾಕಿದ್ದೇನೆ. ಆದರೂ ಫೋನ್ ರಿಂಗಾದರೆ, ಎತ್ತುವ ಮೊದಲು ಆರ್ಡರಿನ ಪಟ್ಟಿ ತೆರೆದು ನೋಡುತ್ತೇನೆ ಅವ್ವಾ.

ಭಾವನಿಗೂ ಅವರ ತಾಯಿಗೂ ನಮಸ್ಕಾರ ತಿಳಿಸು. ಪುಟ್ಟ ಕಂದನ ಕೆನ್ನೆಗೆ ನನ್ನದೊಂದು ಮುತ್ತು.

ನಿನ್ನ ಮಗಳು,
ಉಷಾರಾಣಿ

ಮರೆತಿದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ: ಗುರುವಾರ ಅಂಗಡಿಯಲ್ಲಿ ಮುಗಿದಿದ್ದದ್ದು ಒಂದೇ ತೊಟ್ಟಿಲು. ಅಪ್ಪಾಜಿ ಅಕ್ಕನ ಮಗುವಿಗೆಂದು ಮಾಡಿದ್ದು. ಇನ್ನೊಂದಕ್ಕೆ ಹಲಗೆ ಕೊಯ್ದಿದ್ದಾರೆ, ಸೋಮವಾರದ ನಾಮಕರಣದೊಳಗೆ ಮುಗಿಯುವುದಿಲ್ಲ. ತವರಿನ ತೊಟ್ಟಿಲಿಲ್ಲದೆ ಬರಿಗೈಲಿ ಬರುತ್ತೇವೆ. ಫೋನಿನಲ್ಲಿ ಹೇಳಿದರೆ ಪಕ್ಕದಲ್ಲಿರುವ ಅಕ್ಕನಿಗೆ ಕೇಳಿಸುತ್ತದೆಂದು ಬರೆಯುತ್ತಿದ್ದೇನೆ. ಅವಳಿಗೆ ನೀನೇ ಮೆಲ್ಲಗೆ ಹೇಳು, ಅಪ್ಪಾಜಿಯ ಮೇಲೆ ಮುನಿಯದಿರಲಿ. ಅವರು ಗೋಣಿ ಸುತ್ತುವಾಗ ಒಂದು ಸಲವೂ ನನ್ನ ಮುಖ ನೋಡಲಿಲ್ಲ.