ಅಳುವ ಹುಡುಗಿಗೆ ಏಲಕ್ಕಿ ಮಾಲೆ

ಮಕ್ಕಳ ಮನೋಬಲ ಅಭಿಯಾನದ ಮುಖ್ಯಾಧಿಕಾರಿಗಳೇ,

ನೀವು ಮಾಡಿದ ಸನ್ಮಾನದಿಂದ ನನ್ನ ಮೊಮ್ಮಗಳು ಶಾಲೆ ಬಿಟ್ಟು ಮನೆಯಲ್ಲಿ ಕೂತಿದ್ದಾಳೆ. ಹತ್ತನೇ ಇಯತ್ತೆ, ಪರೀಕ್ಷೆ ಎದುರಿಗಿದೆ. ಶಾಲೆಯ ಗೇಟಿನ ಮೇಲೆ ನೀವು ಕಟ್ಟಿಸಿದ ಫ್ಲೆಕ್ಸ್ ಇಳಿಯುವವರೆಗೆ ಅದರ ಕೆಳಗೆ ಹಾಯುವುದಿಲ್ಲ ಎನ್ನುತ್ತಾಳೆ. ಅದನ್ನು ಇಳಿಸಿ ಎಂದು ಹೇಳಲು ಈ ಪತ್ರ. ನಾನು ಐದನೇ ಇಯತ್ತೆಗೇ ಶಾಲೆಗೆ ಶರಣು ಹೊಡೆದವನು. ಭಾಷೆ ಒರಟೆನಿಸಿದರೆ ಅದು ನನ್ನ ಮಾಸ್ತರರ ತಪ್ಪಲ್ಲ, ನಿಮ್ಮದು.

ಮೊದಲು ಹುಡುಗಿಯ ಸಂಗತಿ ಕೇಳಿ. ಅಂದು ಕೇಳಲು ನಿಮಗೆ ಪುರುಸೊತ್ತಿರಲಿಲ್ಲ. ಬ್ಯಾಡಗಿಯಲ್ಲಿ ಸುಗ್ಗಿ ಬಂತೆಂದರೆ ಓಣಿಯ ಹೆಂಗಸರು ಪಡಸಾಲೆಯಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ಘಾಟಿಗೆ ಎಲ್ಲರ ಕಣ್ಣೂ ಕೆಂಪು, ಎಲ್ಲರ ಮೂಗೂ ಸೊರಸೊರ. ಈ ವರ್ಷ ನಮ್ಮ ಹುಡುಗಿಯೂ ಶಾಲೆಯಿಂದ ಬಂದೊಡನೆ ಅವರ ನಡುವೆ ಹೋಗಿ ಕೂಡತೊಡಗಿದಳು. "ಓದೂ ಹುಡುಗಿ, ನೋಡ್ರಿ ಎಷ್ಟ ಕೆಲಸಗಾತಿ ಆಗ್ಯಾಳ!" ಎಂದು ಪಕ್ಕದ ಮನೆಯ ದೇವವ್ವ ಹೊಗಳಿದಳು. ನನ್ನ ಹೆಂಡತಿ ಹಿಗ್ಗಿದಳು. ಹುಡುಗಿಗೆ ನಿದ್ದೆ ಇಲ್ಲ, ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ, ಸುಮ್ಮಸುಮ್ಮನೆ ಎದೆ ಹೊಡೆದುಕೊಳ್ಳುತ್ತದೆ, ಅಳು ಉಕ್ಕಿ ಬರುತ್ತದೆ ಎಂಬುದು ನಮಗೆ ತಿಳಿದದ್ದು ಎಲ್ಲ ಆದಮೇಲೆ. "ಅಲ್ಲಿ ಕುಂತು ಅತ್ರ ಯಾಕಂತ ಯಾರೂ ಕೇಳೂದಿಲ್ಲ ಯಜ್ಜಾ," ಎಂದಳು. ಇಡೀ ಊರಿನಲ್ಲಿ ಅಳಲು ಅವಳು ಹುಡುಕಿಕೊಂಡ ಜಾಗ ಅದೊಂದೇ.

ಅಂಥ ಹುಡುಗಿಯ ಶಾಲೆಗೆ ನೀವು ಬಂದಿರಿ. ಪ್ರಾರ್ಥನೆಗೆ ನಿಂತ ಅಷ್ಟೂ ಮಕ್ಕಳ ಮುಂದೆ ಮೈಕು ಹಿಡಿದು, "ಯಾರಿಗೆ ಮಾನಸಿಕ ಸಮಸ್ಯೆ ಇದೆಯೋ ಅವರು ಕೈ ಎತ್ತಿ" ಎಂದಿರಿ. ಸ್ವಾಮಿ, ಇದೇನು ಪೋಲಿಯೋ ಹನಿಯೇ? ನಿಮ್ಮ ಕಚೇರಿಯಲ್ಲಿ ಹೆಂಡತಿಗೆ ಹೆದರುವವರು ಕೈ ಎತ್ತಿ ಎಂದರೆ ಎಷ್ಟು ಕೈ ಏಳುತ್ತವೆ? ಇವಳು ನಂಬಿ ಎತ್ತಿದಳು. ಯಾರೋ ಪಕ್ಕಕ್ಕೆ ಕರೆದು ಮಾತಾಡಿಸುತ್ತಾರೆ ಎಂದುಕೊಂಡಳು ಪಾಪ. ನೀವು ವೇದಿಕೆಗೆ ಕರೆದಿರಿ. 'ಧೈರ್ಯವಂತ ವಿದ್ಯಾರ್ಥಿನಿ' ಎಂದು ಶಾಲು ಹೊದಿಸಿ, ನಿಮಗೆಂದು ಹಾವೇರಿಯಿಂದ ತರಿಸಿದ್ದ ಏಲಕ್ಕಿ ಮಾಲೆಯನ್ನು ಅವಳ ಕೊರಳಿಗೆ ಹಾಕಿದಿರಿ. ಚಪ್ಪಾಳೆ, ಫೋಟೊ, ಉಪ್ಪಿಟ್ಟು. ಆಮೇಲೆ ಕಾರು ಹತ್ತಿದಿರಿ. ಕೈಗೆ ಸಿಕ್ಕವರಿಗೆಲ್ಲ ಏಲಕ್ಕಿ ಮಾಲೆ ಹಾಕುವ ಚಟ ನಮ್ಮ ಕಡೆ ಇದೆ, ಒಪ್ಪುತ್ತೇನೆ. ಸಾಹೇಬರು ಬಂದರೂ ಮಾಲೆ, ವರ್ಗವಾಗಿ ತೊಲಗಿದರೂ ಮಾಲೆ. ಆದರೆ ಜ್ವರ ಬಂದವರಿಗೆ ಗುಳಿಗೆ ಬಿಟ್ಟು ಮಾಲೆ ಹಾಕಿದ್ದನ್ನು ಈ ವಯಸ್ಸಿಗೆ ಈಗಲೇ ನೋಡಿದ್ದು. ನಿನಗೇನಾಗಿದೆಯವ್ವಾ ಎಂದು ಒಂದು ಮಾತು ಕೇಳಿದಿರಾ?

ಮರುದಿನವೇ ಅವಳ ಹೆಸರು 'ಟೆನ್ಶನ್ ಏಲಕ್ಕಿ' ಆಯಿತು. "ಏ ಏಲಕ್ಕಿ, ಇವತ್ತ ಅಳೂದ ಐತೋ, ರಜಾನೋ?" ಎಂದು ತರಗತಿಯವರೆಲ್ಲ ಕಾಡಿದರು. ಅದರ ಮೇಲೆ ಫ್ಲೆಕ್ಸ್ ಬಂತು. ಅದರಲ್ಲಿ ನೀವು ಆಳೆತ್ತರ, ಅವಳು ನಿಮ್ಮ ಮೊಣಕೈ ಹತ್ತಿರ. ಕೆಳಗೆ ಅವಳ ಹೆಸರು, ತರಗತಿ. ಈ ಪತ್ರದಲ್ಲಿ ಅವಳ ಹೆಸರು ನಾನು ಬರೆಯುವುದಿಲ್ಲ. ಆ ಕೆಲಸ ನೀವೇ ಮುಗಿಸಿದ್ದೀರಿ.

ಇಳಿಸಿ ಎಂದು ಕೇಳಲು ಬಸ್ಸು ಹತ್ತಿ ನಿಮ್ಮ ಕಚೇರಿಗೂ ಬಂದೆ. ನೀವು ಮೀಟಿಂಗಿನಲ್ಲಿದ್ದಿರಿ, ಒತ್ತಡ ನಿವಾರಣೆಯ ಬಗ್ಗೆಯಂತೆ. ನಿಮ್ಮ ಗುಮಾಸ್ತ ನಕ್ಕ. "ಅಜ್ಜಾರ, ಮಂದಿ ಸನ್ಮಾನ ಮಾಡ್ರೀ ಅಂತ ಶಿಫಾರಸು ಹಚ್ಚತಾರ. ನಿಮ್ಮ ಹುಡುಗಿಗೆ ಪುಕ್ಕಟ ಸಿಕ್ಕೈತಿ, ಜಗಳಾಡಾಕ ಬಂದೀರಲ್ಲ!"

"ಹಂಗಾದ್ರ ನಿನ್ನ ಮಗಳ ಫೋಟೊ ಹಚ್ಚಪಾ."

"ಏ, ನಮ್ಮ ಹುಡುಗಿಗೆ ಏನಾಗೈತ್ರಿ? ನಾಳೆ ಅಕಿ ಲಗ್ನಾ ಮಾಡಬೇಕು!"

ಸ್ವಂತ ಮಗಳ ವಿಷಯಕ್ಕೆ ಬಂದಾಗ ಇಲಾಖೆಯ ತಿಳಿವಳಿಕೆ ಹೇಗೆ ಚುರುಕಾಗುತ್ತದೆ ನೋಡಿ.

ಕೊನೆಗೆ ರಾಣೆಬೆನ್ನೂರಿಗೆ, ಒಬ್ಬ ಮನೋವೈದ್ಯೆಯ ಹತ್ತಿರ ಕರೆದುಕೊಂಡು ಹೋದೆ. ಆಯಮ್ಮ ಮೊದಲ ಮಾತಿಗೇ, "ಅಜ್ಜಾರ, ನೀವು ಹೊರಗ ಕುಂದರ್ರಿ," ಎಂದರು.

"ನಾ ಅಕಿ ಅಜ್ಜ ಅದೀನ್ರಿ!"

"ಅದಕ್ಕ ಹೊರಗ ಅನ್ನಾಕತ್ತೇನಿ."

ಸಿಟ್ಟು ನೆತ್ತಿಗೇರಿತು. ಬಾಗಿಲು ಮುಚ್ಚಿತು. ಬಹಳ ಹೊತ್ತಿನ ಮೇಲೆ ಹುಡುಗಿ ಹೊರಗೆ ಬಂದು, "ಯಜ್ಜಾ, ಹಸಿವ್ಯಾಗೈತಿ," ಎಂದಳು. ಆ ಮಾತು ಅವಳ ಬಾಯಲ್ಲಿ ಕೇಳಿ ಎಷ್ಟು ದಿನವಾಗಿತ್ತೋ. ಒಂದೇ ಸಲಕ್ಕೆ ಗುಣವಾಗುವ ಸಂಗತಿಯಲ್ಲ, ಬರುತ್ತಿರಬೇಕು ಎಂದಿದ್ದಾರೆ, ಹೋಗುತ್ತೇವೆ. ಒಂದು ಬಾಗಿಲು, ಎರಡು ಕುರ್ಚಿ, ಕೇಳುವವರೊಬ್ಬರು. ಇಷ್ಟಕ್ಕೆ ನಿಮ್ಮ ಅಭಿಯಾನದಲ್ಲಿ ಯಾವ ಅನುದಾನ ಕಡಿಮೆ ಬಿದ್ದಿತ್ತು?

ಈಗ ನನ್ನ ಬೇಡಿಕೆ. ಆ ಶಾಲೆಗೆ ವಾರಕ್ಕೊಮ್ಮೆಯಾದರೂ ತಿಳಿದವರೊಬ್ಬರನ್ನು ಕಳಿಸಿ, ಕೂಡಲು ಬಾಗಿಲಿರುವ ಕೋಣೆ ಕೊಡಿ. ಯಾವ ಮಗು ಹೋಯಿತು, ಏನು ಹೇಳಿತು ಎಂಬುದು ಆ ಕೋಣೆ ದಾಟಬಾರದು. ಮತ್ತೆ ಮಕ್ಕಳ ಕೈ ಎತ್ತಿಸುವ ಹುಮ್ಮಸ್ಸು ಬಂದರೆ ಮೊದಲು ನಿಮ್ಮ ಕೈ ಎತ್ತಿ, ನಿಮ್ಮ ಸಂಕಟ ಮೈಕಿನಲ್ಲಿ ಹೇಳಿ, ಕೇಳೋಣ. ಆ ಫ್ಲೆಕ್ಸ್ ಮಾತ್ರ ಈ ಭಾನುವಾರದೊಳಗೆ ಇಳಿಯಬೇಕು. ಈ ಪತ್ರವನ್ನು ಹುಡುಗಿಗೆ ಓದಿ ಹೇಳಿ, ಅವಳು ಹೂಂ ಎಂದ ಮೇಲೆಯೇ ಪತ್ರಿಕೆಗೆ ಕಳಿಸುತ್ತಿದ್ದೇನೆ. ಕೆಲವು ಬೈಗುಳ ಅವಳೇ ಹೊಡೆದು ಹಾಕಿದಳು, ಉಳಿದವು ನಿಮ್ಮ ಪುಣ್ಯ. ಸೋಮವಾರ ಹೋಗಿ ನೋಡುತ್ತೇನೆ ಎಂದಿದ್ದಾಳೆ. "ಗೇಟ್ ಮಟಾ ನೀ ಬಾ ಯಜ್ಜಾ, ಒಳಗ ನಾ ಒಬ್ಬಾಕೀನ ಹೊಕ್ಕೇನಿ," ಎಂದಳು.

ಗೇಟಿನವರೆಗೆ ನಾನು ಬರುತ್ತೇನೆ. ಅಂದು ಫ್ಲೆಕ್ಸ್ ಅಲ್ಲೇ ಇದ್ದರೆ ನನ್ನ ಕೈಯಲ್ಲಿ ಕುಡಗೋಲು ಇರುತ್ತದೆ. ಹಗ್ಗ ಕೊಯ್ಯಲು ನಿಮ್ಮ ಅನುಮತಿ ಕೇಳುವುದಿಲ್ಲ.

ಇಂತಿ,
ಊರಿಗೆಲ್ಲ ಗೊತ್ತಿರುವ ಹೆಸರನ್ನು ಮೊಮ್ಮಗಳ ಸಲುವಾಗಿ ನುಂಗಿಕೊಂಡ
ಬ್ಯಾಡಗಿಯ ಒಬ್ಬ ಬಾಯಿಬಡುಕ ಮುದುಕ