ಮೂರು ವರ್ಷ ತುಂಬದ ಹೊಂಗೆಗೆ ಕಬ್ಬಿಣದ ಬಳೆ

ಮೂರು ವರ್ಷ ತುಂಬುವವರೆಗೆ ಮರವನ್ನು ಮುಟ್ಟದ ನಗರಪಾಲಿಕೆಯ ಮಾನ್ಯ ಅಧಿಕಾರಿಗಳೇ,

ಪೋರೂರಿನ ನಮ್ಮ ಓಣಿಯಲ್ಲಿ ನೀವು ನೆಟ್ಟ ಹೊಂಗೆಯನ್ನು ನೀವೇ ತೊಡಿಸಿದ ಕಬ್ಬಿಣದ ಬಳೆ ಕೊಲ್ಲುತ್ತಿದೆ. ಐದು ನಿಮಿಷ ಸ್ಪ್ಯಾನರ್ ತಿರುಗಿಸಿದರೆ ಅದು ಬದುಕುತ್ತದೆ. ಇದನ್ನು ಹೇಳಲು ನಿಮ್ಮ ಕಚೇರಿಗೆ ಮೂರು ಸಲ ಬಂದೆ. ಎರಡು ಸಲ ಬೆಂಚಿನ ಮೇಲೆ ಕೂತು ಹಾಗೆಯೇ ಎದ್ದು ಬಂದೆ. ಅದಕ್ಕೇ ಬರೆಯುತ್ತಿದ್ದೇನೆ. ಇದು ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಬ್ಯಾಂಕಿನ ಗಿರಿಧರ್ ಅವರು ತಮಿಳಿಗೆ ತಿರುಗಿಸಿ ನಿಮಗೆ ತಲುಪಿಸುತ್ತಾರೆ.

ನಾವಿರುವುದು ಕೆಲಸ ಮಾಡುವ ಹೋಟೆಲಿನ ಹಿಂದಿನ ತಗಡಿನ ಕೋಣೆಯಲ್ಲಿ. ಅಮ್ಮ ಸರಸ ಬೆಳಗಾಗುವ ಮೊದಲೇ ತರಕಾರಿ ಹೆಚ್ಚಲು ಕೂರುತ್ತಾಳೆ, ನಾನು ಗ್ರೈಂಡರಿನ ಹತ್ತಿರ. ಊಟದ ಗಲಾಟೆ ಮುಗಿದ ಮೇಲಿನ ಎರಡು ಗಂಟೆ ಅವಳ ನಿದ್ದೆಯ ಹೊತ್ತು; ಪಡುವಣ ಗೋಡೆ ಕಾದು ಕೆಂಡವಾಗುವ ಹೊತ್ತೂ ಅದೇ. ಈ ಬೇಸಿಗೆಯಲ್ಲಿ ಹೊಂಗೆಯ ನೆರಳು ಆ ಗೋಡೆಯನ್ನು ಮುಟ್ಟಿತು. ಅಮ್ಮ ಮೊದಲ ಬಾರಿಗೆ ಮುಖದ ಮೇಲೆ ಒದ್ದೆ ಟವೆಲ್ ಇಲ್ಲದೆ ಮಲಗಿದಳು.

ಗಿಡ ನೆಟ್ಟ ದಿನ ನಿಮ್ಮವರು ತಮಿಳಿನ ಕಾಗದವೊಂದಕ್ಕೆ ನನ್ನ ಸಹಿ ಹಾಕಿಸಿಕೊಂಡರು. ಊರಿನಲ್ಲಿ ಐದನೇ ತರಗತಿ ಮುಗಿಸಿ ಇಲ್ಲಿಗೆ ಬಂದವಳು ನಾನು. ಇಲ್ಲಿಯ ಮಾತು ಬಂತು, ಅಕ್ಷರ ಬರಲಿಲ್ಲ. ಗಿಡ ಸಿಕ್ಕಿದ್ದಕ್ಕೆ ರಸೀದಿ ಇರಬೇಕೆಂದುಕೊಂಡೆ. ಗಿಡದ ಸುತ್ತ ನಿಲ್ಲಿಸಿದ ಕಬ್ಬಿಣದ ಬೋನಿಗಾಗಲಿ ಒಳಗಿನ ಬಳೆಗಾಗಲಿ ಕೈ ಹಚ್ಚುವುದಿಲ್ಲ, ಹಚ್ಚಿದರೆ ಕೇಸಿಗೆ ನಾನೇ ಹೊಣೆ ಎಂದು ಅದರಲ್ಲಿರುವುದನ್ನು ಗಿರಿಧರ್ ಮೊನ್ನೆ ಓದಿ ಹೇಳಿದರು. ದಿನಾ ನೀರು ಹಾಕಬೇಕೆಂದೂ ಇದೆಯಂತೆ. ಅದೊಂದನ್ನು ಓದದೆಯೇ ಪಾಲಿಸಿದ್ದೇನೆ.

ತಪ್ಪಾದದ್ದು ಅಲ್ಲಿಯೇ. ಅಕ್ಕಿ ತೊಳೆದ ನೀರನ್ನು ಚರಂಡಿಗೆ ಚೆಲ್ಲಿ ನಮಗೆ ಅಭ್ಯಾಸವಿಲ್ಲ. ಊರಿನಲ್ಲಾದರೆ ದನಕ್ಕೆ ಇಡುತ್ತೇವೆ. ಇಲ್ಲಿ ದನವಿಲ್ಲ, ಹೊಂಗೆಯಿತ್ತು. ಇಡ್ಲಿ ಅಕ್ಕಿಯ ನೀರು ದಿನಕ್ಕೆ ಮೂರು ಬಕೆಟ್ ಅದಕ್ಕೇ ಹೋಯಿತು. ಎರಡೇ ವರ್ಷದಲ್ಲಿ ಕಾಂಡ ನನ್ನ ತೋಳಿಗಿಂತ ದಪ್ಪವಾಯಿತು. ಗಿಡ ಬಾಗದಿರಲೆಂದು ಬೋನಿನೊಳಗೆ ನೀವು ಬಿಗಿದ ಬಳೆ ಈಗ ತೊಗಟೆಯಲ್ಲಿ ಅರ್ಧ ಮುಳುಗಿದೆ. ಅದರ ಮೇಲ್ಭಾಗ ಊದಿಕೊಂಡಿದೆ, ತುದಿಯ ಎಲೆಗಳು ಹಳದಿಯಾಗಿವೆ.

ಮೂರನೆಯ ಸಲ ಬಂದಾಗ ಇಷ್ಟನ್ನೂ ಹೇಳಿದೆ. ನಿಮ್ಮ ಗುಮಾಸ್ತರು ರಿಜಿಸ್ಟರ್ ತೆರೆದು, "ಇನ್ನುಂ ಮೂಣು ವರುಷಂ ಆಗಲಿಯೇಮ್ಮಾ" ಎಂದರು. ಮೂರು ವರ್ಷ ಇನ್ನೂ ಆಗಿಲ್ಲವಲ್ಲಮ್ಮಾ ಎಂದು. ಅದು ತುಂಬದೆ ಬಳೆ ಬಿಚ್ಚುವ ಪದ್ಧತಿಯಿಲ್ಲವಂತೆ. ಕಾಂಡ ದಪ್ಪವಾಗಿದೆ ಎಂದೆ. ಎರಡು ವರ್ಷದ ಮರ ಅಷ್ಟು ದಪ್ಪ ಇರಲು ಸಾಧ್ಯವೇ ಇಲ್ಲ ಎಂದರು. ಪಕ್ಕದ ಮೇಜಿನವರು ನಕ್ಕರು: "ಎನ್ನಮ್ಮಾ, ಮರತ್ತುಕ್ಕು ಡೈಲಿ ಇಡ್ಲಿ ಪೋಡ್ರಿಯಾ?" ಮರಕ್ಕೆ ದಿನಾ ಇಡ್ಲಿ ಹಾಕುತ್ತೀಯಾ ಎಂದು ಕೇಳಿದ್ದು. ಹೆಚ್ಚುಕಡಿಮೆ ಹೌದು ಎನ್ನುವ ಧೈರ್ಯ ನನಗೆ ಬರಲಿಲ್ಲ.

ಮಾನ್ಯರೇ, ನಿಮ್ಮ ರಿಜಿಸ್ಟರ್ ನೋಡಿಕೊಂಡು ಬೆಳೆಯಬೇಕೆಂದು ಮರಕ್ಕೆ ಯಾರು ತಿಳಿಸಬೇಕಿತ್ತು? ಅದು ಒಣಗಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಎದುರಿನ ಮೂರು ಬೋನುಗಳಲ್ಲಿ ಗಿಡವೇ ಇಲ್ಲ. ಬಳೆಗಳು ಮಾತ್ರ ಸುರಕ್ಷಿತವಾಗಿವೆ. ನಿಮ್ಮ ಪಟ್ಟಿಯಲ್ಲಿ ಅವು ಒಳ್ಳೆಯ ಮರಗಳೇ ಇರಬೇಕು.

ನೀನೇ ಬಿಚ್ಚಬಾರದೇ ಎನ್ನಬಹುದು. ಗ್ರೈಂಡರಿನ ಸ್ಪ್ಯಾನರ್ ದಿನಾ ನನ್ನ ಕೈಗೆ ತಗಲುತ್ತದೆ. ಆದರೆ ಕೋಣೆ ಹೋಟೆಲಿನದು. ಧಣಿ ಮುರಳೀಧರ ರಾಯರು ಕೆಟ್ಟವರಲ್ಲ. "ಮರದ್ ಕೇಸ್ ಹಿಡ್ಕಂಡ್ ಯಾರಾರೂ ಹೋಟ್ಲ್ ಬಾಗ್ಲಿಗ್ ಬಂದ್ರೆ, ನೀವ್ ಬೇರೆ ರೂಮ್ ಕಾಣ್ಕ್ ಮಾರಾಯ್ತಿ" ಎಂದಷ್ಟೇ ಹೇಳಿದ್ದಾರೆ. ಬಿಚ್ಚಿದರೆ ಕೋಣೆ ಹೋಗುತ್ತದೆ, ಬಿಚ್ಚದಿದ್ದರೆ ನೆರಳು. ನಿನ್ನೆ ಅಮ್ಮ ಬೋನಿನ ಸಂದಿಯಲ್ಲಿ ಕೈ ತೂರಿಸಿ ಬಳೆಯ ಸುತ್ತ ಬೆರಳಾಡಿಸಿದಳು. "ಉಸ್ರ್ ಕಟ್ಟಿತ್ ಕಾಣ್ ಹೆಣ್ಣೇ ಇದ್ಕೆ" ಎಂದಳು. ಆಮೇಲೆ ಒಳಗೆ ಹೋಗಿ ಬೀನ್ಸ್ ಹೆಚ್ಚತೊಡಗಿದಳು.

ಈ ಪತ್ರ ತಲುಪಿದ ಹದಿನೈದು ದಿನದೊಳಗೆ ಒಬ್ಬರನ್ನು ಕಳುಹಿಸಿ, ಅಥವಾ ನಾನು ಬಿಚ್ಚಬಹುದೆಂದು ಒಂದು ಸಾಲು ಬರೆದುಕೊಡಿ. ಎರಡೂ ಆಗದಿದ್ದರೆ ಹದಿನಾರನೆಯ ದಿನ ಮಧ್ಯಾಹ್ನ ಮೂರಕ್ಕೆ, ಓಣಿಯವರೆಲ್ಲರ ಎದುರಿಗೆ, ನಾನೇ ಬಿಚ್ಚುತ್ತೇನೆ. ಬಳೆಯನ್ನು ಬೋನಿಗೆ ನೇತುಹಾಕಿರುತ್ತೇನೆ. ನಿಮ್ಮ ವಸ್ತು, ಒಯ್ಯಿರಿ. ಕೇಸು ಹಾಕುವುದಾದರೆ ನನ್ನ ಮೇಲೆ ಹಾಕಿ, ಹೋಟೆಲಿನ ಬಾಗಿಲಿಗೆ ಹೋಗಬೇಡಿ. ಆ ಕಾಗದಕ್ಕೆ ಓದದೆ ಸಹಿ ಹಾಕಿದ್ದೆ. ಇದನ್ನು ಪೂರ್ತಿ ಓದಿ ಹಾಕುತ್ತಿದ್ದೇನೆ.

ಇಂತಿ,
ನಿಮ್ಮ ಮರಕ್ಕೆ ಅಗತ್ಯಕ್ಕಿಂತ ಹೆಚ್ಚು ನೀರು ಹಾಕಿದ
ವೀಕ್ಷಾ