ಹಾಲಿನ ಪ್ಯಾಕೆಟ್ಟಿನ ಮೂಲೆ

ಜೂನ್ ೧೨, ಗುರುವಾರ



ಬೆಳಿಗ್ಗೆ ಅಡುಗೆಮನೆಯಲ್ಲಿ ಅಂಬೆಗಾಲಿಡುತ್ತಿದ್ದ ಮಗಳ ಮುಖ ಇದ್ದಕ್ಕಿದ್ದಂತೆ ಕೆಂಪಾಯಿತು. ಕೆಮ್ಮೂ ಇಲ್ಲ, ಅಳುವೂ ಇಲ್ಲ. ನನಗೆ ಕೈಕಾಲೇ ಆಡಲಿಲ್ಲ. ಅಮ್ಮ ಓಡಿಬಂದು ಅವಳನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಬೆನ್ನಿಗೆ ನಾಲ್ಕೈದು ಸಲ ಬಲವಾಗಿ ತಟ್ಟಿದರು. ಜೊಲ್ಲಿನ ಜೊತೆ ಹೊರಬಿದ್ದದ್ದು ಹಾಲಿನ ಪ್ಯಾಕೆಟ್ಟಿನ ಮೂಲೆ, ಉಗುರಿನಷ್ಟು. ಕತ್ತರಿಸಿ ಬೀಳಿಸಿದವನು ನಾನೇ.

ಮಗು ಕಿರುಚಿ ಅತ್ತಾಗ ನನಗೆ ಹೋದ ಜೀವ ಬಂತು.

ಆಮೇಲೆ ನಾನೂ ನನ್ನವಳೂ ಮಂಡಿಯೂರಿ ನೆಲವೆಲ್ಲ ಹುಡುಕಿದೆವು. ಫ್ರಿಜ್ ಹಿಂದೆ, ಚಾಪೆಯ ಕೆಳಗೆ ಒಟ್ಟು ಹತ್ತೊಂಬತ್ತು ಪ್ಲಾಸ್ಟಿಕ್ ಚೂರು ಸಿಕ್ಕವು. ಹಾಲಿನದು, ಬಿಸ್ಕತ್ತಿನದು, ಶಾಂಪೂವಿನದು. ನಂಬಲಾಗಲಿಲ್ಲ.

"ದಿನಾ ಗುಡಿಸ್ತೀನಲ್ರೀ," ಎಂದು ಅವಳು ಅತ್ತೇಬಿಟ್ಟಳು.

"ಗುಡಿಸೋದ್ರಲ್ಲಿ ತಪ್ಪಿಲ್ಲ ಕಣಮ್ಮ, ಮನೆಗೆ ಪ್ಯಾಕೆಟ್ ತರೋದೇ ಜಾಸ್ತಿಯಾಗಿದೆ," ಎಂದರು ಅಮ್ಮ. "ನಾಳೆಯಿಂದ ಡೈರಿಗೆ ನಾನೇ ಕ್ಯಾನ್ ತಗೊಂಡು ಹೋಗ್ತೀನಿ."

"ಬೇಡಮ್ಮ, ನಾನು ಹೋಗ್ತೀನಿ," ಎಂದೆ. ಬಿಸ್ಕತ್ತನ್ನೂ ಇನ್ನು ಬೇಕರಿಯಿಂದ ಡಬ್ಬಿಯಲ್ಲೇ ತರಬೇಕು.

ಮಗಳು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಾಳೆ. ಉಸಿರಾಡುತ್ತಿದ್ದಾಳೋ ಎಂದು ಮೂರು ಸಲ ಎದ್ದು ನೋಡಿದೆ. ಅಮ್ಮ ಆ ಹೊತ್ತಿಗೆ ಮನೆಯಲ್ಲಿ ಇಲ್ಲದಿದ್ದರೆ... ಬೇಡ, ಅದನ್ನು ಬರೆಯಲಾರೆ.